ಸದ್ದಿಲ್ಲದೆ ಬಂದ ವಿಮಾನ

ಸೆಪ್ಟೆಂಬರ್ 19, ಶುಕ್ರವಾರ, ಬೆಳಿಗ್ಗೆ 9.40ಕ್ಕೆ ಹಲಗೇರಿ ಠಾಣೆಗೆ ಎರಡು ಪುಟದ ದೂರು ಬಂತು. ಟೈಪ್ ಮಾಡಿ, ಸೀಲು ಹಾಕಿದ ದೂರು. ಕೊಟ್ಟವನು ಯುವರಾಜ, ವಯಸ್ಸು ನಲವತ್ತೊಂದು, ಮೇಘಸಿರಿ ಎಂಬ ಮೋಡ ಬಿತ್ತನೆ ಕಂಪನಿಯ ಮ್ಯಾನೇಜರ್. ಹಾವೇರಿ ಹೊರವಲಯದಲ್ಲಿ ಕಂಪನಿ ಬಾಡಿಗೆಗೆ ಹಿಡಿದ ರನ್‌ವೇಯ ಉಸ್ತುವಾರಿ ಅವನದೇ.

ಹಿಂದಿನ ಸಂಜೆ ಕಂಪನಿಯ ಒಂಟಿ ಎಂಜಿನ್ ವಿಮಾನ ಕುಪ್ಪೇಲೂರಿನ ರೈತ ಲಕ್ಕಪ್ಪನ ಕೃಷಿ ಹೊಂಡಕ್ಕೆ ಬಿದ್ದಿತ್ತು. ಒಳಗೆ ಒಬ್ಬನೇ ಇದ್ದ ಪೈಲಟ್ ಜಾಕೀರ್ ಸ್ಥಳದಲ್ಲೇ ಸತ್ತಿದ್ದ. ಲಕ್ಕಪ್ಪ ಹಗೆಯಿಂದ, ಹಂದಿ ಓಡಿಸಲು ಸಿಡಿಸುವ ಕಾರ್ಬೈಡ್ ಪೈಪಿನಲ್ಲಿ ಕಲ್ಲು ತುಂಬಿ ವಿಮಾನಕ್ಕೆ ಹೊಡೆದ, ಅದಕ್ಕೇ ಬಿತ್ತು ಎಂದು ದೂರಿನಲ್ಲಿತ್ತು. ವಾರದ ಹಿಂದೆ ಗ್ರಾಮಸಭೆಯಲ್ಲಿ ಅವನು 'ಇನ್ನೊಮ್ಮಿ ಬಂದ್ರ ಹೊಡದು ಕೆಡವತೇನಿ' ಅಂದದ್ದನ್ನೂ ಬರೆಯಲಾಗಿತ್ತು.

ಇನ್‌ಸ್ಪೆಕ್ಟರ್ ನೀಲಾ ಹಾದಿಮನಿ ದೂರನ್ನು ಎರಡು ಸಲ ಓದಿದರು. ರಾತ್ರಿಯೇ ಅಸಹಜ ಸಾವಿನ ಪ್ರಕರಣ ದಾಖಲಾಗಿ, ಶವದ ಪಂಚನಾಮೆ ಮುಗಿದಿತ್ತು. ಈಗ ಬಿಎನ್‌ಎಸ್ ಕಲಂ 105ರಡಿ, ಅಂದರೆ ಕೊಲೆಯಲ್ಲದ ನರಹತ್ಯೆ ಎಂದು, ಎಫ್‌ಐಆರ್ ಆಯಿತು. ಆರೋಪಿಯನ್ನು ಹುಡುಕಿಕೊಂಡು ಹೋಗುವ ಕೆಲಸ ಬೀಳಲಿಲ್ಲ. ಹನ್ನೊಂದು ಗಂಟೆಗೆ ಲಕ್ಕಪ್ಪ ತಾನೇ ಠಾಣೆಯ ಮೆಟ್ಟಿಲು ಹತ್ತಿ ಬಂದ. ಹಿಂದೆ ಹೆಂಡತಿ ಮೈಲವ್ವ.

"ನಾನ ಹೊಡದೇನ್ರಿ. ಬರಕೊಳ್ರಿ."

"ಬಾಯಿ ಮುಚ್ಚರಿ ಸಾಕು!" ಎಂದು ಮೈಲವ್ವ ಗದರಿದಳು. "ಹೊಡದೇನಿ ಹೊಡದೇನಿ ಅಂತ ಬಸ್‌ನ್ಯಾಗೂ ಹೇಳ್ಕೋತ ಬಂದಾರ್ರಿ ಮೇಡಂ, ಕಂಡಕ್ಟರ್‌ಗೂ ಹೇಳ್ಯಾರ."

"ಯಾಕ ಹೊಡದಿ?" ಎಂದರು ನೀಲಾ.

"ಎರಡು ಎಕರೆ ಉಳ್ಳಾಗಡ್ಡಿ ಕಿತ್ತು ಹೊಲದಾಗ ಒಣಗಾಕ ಹಾಕೇನ್ರಿ. ಒಂದು ಮಳಿ ಬಿದ್ರ ಎಲ್ಲಾ ಕೊಳೀತಾವ. ಮೆಕ್ಕಿಜೋಳದವ್ರಿಗೆ ಮಳಿ ಬೇಕು, ನನಗ ಬಿಸಲು ಬೇಕು. ಮ್ಯಾಲೆ ಹಾರೋರಿಗೆ ಅದು ಯಾರ ಹೊಲ ಅಂತ ತಿಳೀತೈತೇನ್ರಿ?"

"ಪೈಪಿನ್ಯಾಗ ಕಲ್ಲಿದ್ವೇನು?"

"ನಾಕೈದು ಹರಳು. ಹಂದಿ ಓಡಸಾಕ ತುಂಬಿಟ್ಟಿದ್ದೆ."

"ವಿಮಾನ ಎಷ್ಟು ಮ್ಯಾಲಿತ್ತು?"

"ಎರಡು ತೆಂಗಿನ ಗಿಡದಷ್ಟು. ಸದ್ದಿಲ್ಲದ ಬಂತ್ರಿ. ಹೊಳ್ಳಿ ನೋಡೂದ್ರಾಗ ತೆಲಿ ಮ್ಯಾಲೆ ಬಂದಿತ್ತು. ಸಿಟ್ಟೂ ಬಂತು, ಅಂಜಿಕೀನೂ ಬಂತು. ಹೊಡದಬಿಟ್ಟೆ." ಅವನು ಎರಡೂ ಕೈ ಮುಂದೆ ಚಾಚಿದ. "ಆ ಹುಡುಗನ್ನ ನಾನ ಕೊಂದೇನ್ರಿ."

ಹೇಳಿಕೆ ಬರೆಯುತ್ತಿದ್ದ ಕಾನ್‌ಸ್ಟೆಬಲ್ ಯಲ್ಲೇಶ 'ಸದ್ದಿಲ್ಲದ' ಎಂಬ ಮಾತನ್ನು ಬಿಟ್ಟಿದ್ದ. ನೀಲಾ ಅದನ್ನು ಸೇರಿಸಲು ಹೇಳಿದರು.

ಪೊಲೀಸರ ಮುಂದಿನ ತಪ್ಪೊಪ್ಪಿಗೆ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಆದರೆ ಕುಪ್ಪೇಲೂರಿನ ಹನ್ನೊಂದು ಜನ ಒಂದೇ ಮಾತು ಹೇಳಿದರು: ಢಂ ಅಂತು, ತಲೆ ಎತ್ತಿ ನೋಡಿದೆವು, ವಿಮಾನ ಬೀಳುತ್ತಿತ್ತು. ಅಷ್ಟು ಸಾಕಾಗಿತ್ತು. ಸಂಜೆ ನಾಲ್ಕಕ್ಕೆ ಲಕ್ಕಪ್ಪನನ್ನು ನ್ಯಾಯಾಧೀಶರ ಮುಂದೆ ಹಾಜರುಪಡಿಸಿ, ನ್ಯಾಯಾಂಗ ಬಂಧನಕ್ಕೆ ಕಳಿಸಲಾಯಿತು.

ಮರುದಿನ ವಿಮಾನ ಅಪಘಾತ ತನಿಖಾ ಸಂಸ್ಥೆಯ ಅಧಿಕಾರಿ ಪ್ರಿಯಾಂಕಾ ಬಂದರು. ಮೂಲತಃ ಬೆಂಗಳೂರಿನವರು. ಇಷ್ಟು ಚಿಕ್ಕ ವಿಮಾನಕ್ಕೆ ಹಾರಾಟ ದಾಖಲಿಸುವ ರೆಕಾರ್ಡರ್ ಕಡ್ಡಾಯವಲ್ಲ, ಆದರೆ ಇದರಲ್ಲಿ ಹಿಂದಿನ ಮಾಲೀಕರು ಒಂದನ್ನು ಕೂಡಿಸಿದ್ದರು ಎಂದು ಅವರು ಹೇಳಿದರು. ಈಜು ಬಲ್ಲ ಇಬ್ಬರು ಹೊಂಡಕ್ಕಿಳಿದು, ಮಧ್ಯಾಹ್ನ 3.15ಕ್ಕೆ ಕೆಸರಿನಿಂದ ಬುತ್ತಿ ಡಬ್ಬಿಯ ಗಾತ್ರದ ಪೆಟ್ಟಿಗೆಯೊಂದನ್ನು ತೆಗೆದರು. ಯಲ್ಲೇಶ ಅದನ್ನು ಟವೆಲಿನಿಂದ ಒರೆಸಿ ಜೀಪಿನ ಬಾನೆಟ್ ಮೇಲೆ ಬಿಸಿಲಿಗೆ ಇಡಲು ಹೊರಟ.

"ಅಯ್ಯೋ, ಒಣಗಿಸಬೇಡಿ!" ಪ್ರಿಯಾಂಕಾ ಓಡಿ ಬಂದರು. "ಗಾಳಿ ತಾಗಿದ್ರೆ ಒಳಗೆ ತುಕ್ಕು ಶುರುವಾಗುತ್ತೆ. ಲ್ಯಾಬಿಗೆ ಹೋಗೋವರೆಗೂ ಶುದ್ಧ ನೀರಲ್ಲಿ ಮುಳುಗಿಸಿಡಬೇಕು."

"ಬ್ಯಾಡಗಿಯವ್ರಿ ನಾನು. ಹಸೀದು ಕಂಡ್ರ ಸಾಕು, ಮೆಣಸಿನಕಾಯಿ ಹಾಸಿದಂಗ ಬಿಸಲಿಗೆ ಹಾಸಬೇಕು ಅನಸ್ತೈತಿ," ಎಂದ ಯಲ್ಲೇಶ. "ಅಲ್ರಿ ಮೇಡಂ, ಬ್ಲ್ಯಾಕ್ ಬಾಕ್ಸ್ ಅಂತಾರ. ಇದು ನೋಡಿದ್ರ ಕಿತ್ತಳಿ ಬಣ್ಣ."

"ಸುಟ್ಟ ಅವಶೇಷದ ನಡುವೆ ಕಾಣಲಿ ಅಂತ. ಕಪ್ಪು ಅನ್ನೋದು ಪೇಪರ್‌ನವರು."

ಪೆಟ್ಟಿಗೆ ನೀರು ತುಂಬಿದ ಪ್ಲಾಸ್ಟಿಕ್ ಡಬ್ಬಿಯೊಳಗೆ ಹೋಯಿತು. ಪಂಚನಾಮೆಗೆ ಸಹಿ ಹಾಕುತ್ತ ಪ್ರಿಯಾಂಕಾ ನೀಲಾಗೆ ಒಂದು ಮಾತು ಸ್ಪಷ್ಟಪಡಿಸಿದರು. ಯಾರ ತಪ್ಪು ಎಂದು ಹೇಳುವುದು ಅವರ ಸಂಸ್ಥೆಯ ಕೆಲಸವಲ್ಲ. ಪೈಲಟ್‌ನ ಧ್ವನಿ ಪೊಲೀಸರಿಗೆ ಸಿಗುವುದಿಲ್ಲ. ಎಂಜಿನ್, ಎತ್ತರ, ಇಂಧನದ ಅಂಕಿಗಳು ಒಂದು ತಿಂಗಳೊಳಗೆ ಪ್ರಾಥಮಿಕ ವರದಿಯಲ್ಲಿ ಬರುತ್ತವೆ, ಅದು ಎಲ್ಲರಿಗೂ ಮುಕ್ತ.

"ಆ ಅಂಕಿಗಳ ಜತೆ ಹೊಂದಿಸಿ ನೋಡೋಕೆ ನಿಮ್ಮ ಹತ್ತಿರ ಏನಿದೆ?" ಎಂದು ಅವರು ಕೇಳಿದರು. "ಢಂ ಅಂದಿದ್ದು ಎಷ್ಟು ಗಂಟೆಗೆ?"

ಹನ್ನೊಂದು ಸಾಕ್ಷಿಗಳಲ್ಲಿ ಒಬ್ಬರೂ ಗಡಿಯಾರ ನೋಡಿರಲಿಲ್ಲ.

ಉತ್ತರ ಸೆಪ್ಟೆಂಬರ್ 22ರಂದು ಊರಿನ ಹಾಲಿನ ಡೇರಿಯಲ್ಲಿ ಸಿಕ್ಕಿತು. ಅಲ್ಲಿ ಹಾಲು ಅಳೆಯುವ ಗುತ್ತೆವ್ವ ಮೊದಲು ಬೇರೇನೋ ತಿಳಿದುಕೊಂಡಳು.

"ಹಾಲಿಗೆ ನೀರು ಬೆರಸ್ತಾರಂತ ಯಾರರ ಚಾಡಿ ಹೇಳ್ಯಾರೇನ್ರಿ?"

"ಇಲ್ಲವ್ವ. ಢಂ ಅಂದಾಗ ಏನ್ ಮಾಡಾಕತ್ತಿದ್ದಿ?"

"ಸುಗರಾಬೀದು ಹಾಲು ಹಾಕ್ಕೊಂಡಿದ್ದೆ, ಮಶೀನಿಂದ ಚೀಟಿ ಬರಾಕತ್ತಿತ್ತು. ಆ ಸಪ್ಪಳಕ್ಕ ಕ್ಯಾನ್ ಜಾರಿ ಲೀಟರ್ ಹಾಲು ನೆಲದ ಪಾಲಾತು. ಆಕಿ ಇನ್ನೂ ಬೈಯಾಕತ್ತಾಳ."

ಸುಗರಾಬಿಯ ಚೀಟಿಯಲ್ಲಿ ಸಮಯ 17.52 ಎಂದಿತ್ತು. ನೀಲಾ ಅಷ್ಟಕ್ಕೇ ಬಿಡದೆ ಯಂತ್ರದ ಗಡಿಯಾರವನ್ನು ಮೊಬೈಲಿನ ಸಮಯದೊಂದಿಗೆ ಪಂಚರ ಎದುರು ಹೋಲಿಸಿದರು. ಯಂತ್ರ ಎರಡು ನಿಮಿಷ ಹಿಂದಿತ್ತು. ಹಾಗಾದರೆ ಸದ್ದಾಗಿದ್ದು 5.54ಕ್ಕೆ. ಅದನ್ನು ಕೇಸ್ ಡೈರಿಯಲ್ಲಿ ಬರೆದುಕೊಂಡು ಕಾದರು.

ಈ ನಡುವೆ ವಿಮಾನದ ಎಡ ಟ್ಯಾಂಕಿನಲ್ಲಿ ನೀರು ಸಿಕ್ಕಿತ್ತು. ಯುವರಾಜ ಆಶ್ಚರ್ಯಪಡಲಿಲ್ಲ. "ಹೊಂಡದಾಗ ಬಿದ್ದ ವಿಮಾನದಾಗ ನೀರಲ್ದ ಏನ್ ಇರತೈತ್ರಿ ಮೇಡಂ?" ಎಂದ. ಮಾತು ಒಪ್ಪುವಂಥದ್ದೇ.

ಪ್ರಾಥಮಿಕ ವರದಿ ಅಕ್ಟೋಬರ್ 14ರಂದು ಬಂತು. ರೆಕಾರ್ಡರಿನ ಸಮಯ ಗ್ರೀನಿಚ್ ಲೆಕ್ಕದ್ದು. ಯಲ್ಲೇಶ ಪ್ರತಿ ಸಾಲಿಗೂ ಐದೂವರೆ ಗಂಟೆ ಕೂಡಿಸುತ್ತ ಬರೆದುಕೊಂಡ. ಸಂಜೆ 5.50ರವರೆಗೆ ಬಲ ಟ್ಯಾಂಕಿನ ಇಂಧನ ಇಳಿಯುತ್ತಿತ್ತು. 5.50.28ಕ್ಕೆ ಅದು ನಿಂತು, ಎಡ ಟ್ಯಾಂಕಿನದು ಇಳಿಯತೊಡಗಿತು. ಪೈಲಟ್ ಟ್ಯಾಂಕ್ ಬದಲಿಸಿದ್ದ. ಹನ್ನೆರಡು ಸೆಕೆಂಡಿನಲ್ಲಿ ಎಂಜಿನ್ ತೊದಲಿತು. 5.51.30ಕ್ಕೆ ಪೂರ್ತಿ ನಿಂತಿತು. ಅವನು ಮತ್ತೆ ಬಲ ಟ್ಯಾಂಕಿಗೆ ತಿರುಗಿಸಿ ಮೂರು ಸಲ ಎಂಜಿನ್ ಹಚ್ಚಲು ನೋಡಿದ್ದ. 5.54.20ಕ್ಕೆ ದಾಖಲೆ ಮುಗಿದಿತ್ತು.

ಯಲ್ಲೇಶ ಪೆನ್ನು ಕೆಳಗಿಟ್ಟ. "ಅಂದ್ರ ಅಂವ ಪೈಪ್ ಹಚ್ಚೋಕಿಂತ ಮೂರು ನಿಮಿಷ ಮೊದಲ ಎಂಜಿನ್ ಬಂದ್ ಆಗಿತ್ತು?"

"ಎರಡೂವರಿ ಅಂತ ಬರಿ. ಅದಕ್ಕ ಸದ್ದಿಲ್ಲದ ಬಂತು."

"ಮತ್ತ ಹನ್ನೊಂದು ಜನ ಹೇಳಿದ್ದು?"

"ಸುಳ್ಳು ಹೇಳಿಲ್ಲ. ಎಂಜಿನ್ ನಿಂತಾಗ ಯಾರೂ ಮ್ಯಾಲೆ ನೋಡಲಿಲ್ಲ. ಢಂ ಅಂದಮ್ಯಾಲೆ ಎಲ್ಲಾರೂ ನೋಡಿದ್ರು."

ವರದಿಯ ನಾಲ್ಕನೇ ಪುಟದ ಕೊನೆಯ ಸಾಲನ್ನು ನೀಲಾ ಠಾಣೆಯ ಹೊರಗೆ ಯಾರಿಗೂ ಹೇಳಲಿಲ್ಲ. ಹಾರಾಟಕ್ಕೆ ಮುಂಚೆ ವಿಮಾನದ ವಿದ್ಯುತ್ ಚಾಲೂ ಇದ್ದುದರಿಂದ ಇಂಧನ ತುಂಬಿಸಿದ್ದೂ ದಾಖಲಾಗಿತ್ತು: ಎಡ ಟ್ಯಾಂಕ್ ಮಟ್ಟ ಏರಿದ್ದು 5.02ರಿಂದ 5.09ರವರೆಗೆ. ಎಂಜಿನ್ ಹಚ್ಚಿದ್ದು 5.11ಕ್ಕೆ.

ಅಕ್ಟೋಬರ್ 16, ಬೆಳಿಗ್ಗೆ 10.20. ರನ್‌ವೇ ಪಕ್ಕದ ಕಂಪನಿ ಶೆಡ್. ಇಂಧನದ ರಿಜಿಸ್ಟರ್ ನೀಲಾ ಮುಂದಿತ್ತು.

"ತುಂಬಿಸಿದ ಮ್ಯಾಲೆ ಎಷ್ಟೊತ್ತು ಬಿಡಬೇಕು?"

"ಹದಿನೈದು ನಿಮಿಷರಿ. ನೀರಿದ್ರ ತಳಕ್ಕ ಇಳೀತೈತಿ. ಆಮ್ಯಾಲೆ ತಳದಿಂದ ಒಂದು ಗ್ಲಾಸ್ ತಗದು ನೋಡ್ತೇವಿ," ಎಂದ ಯುವರಾಜ.

"ಅವತ್ತು ನೋಡಿದ್ರಿ?"

"ಸಹಿ ಐತೆಲ್ಲರಿ. 'ಹದಿನೈದು ನಿಮಿಷ ಬಿಟ್ಟು ಪರೀಕ್ಷಿಸಿದೆ, ನೀರಿಲ್ಲ.'"

"ತುಂಬಿಸಿದ್ದು ಮುಗಿದದ್ದು 5.09. ಎಂಜಿನ್ ಹಚ್ಚಿದ್ದು 5.11. ಹದಿನೈದು ನಿಮಿಷ ಎಲ್ಲಿಂದ ತಂದ್ರಿ?"

ಯುವರಾಜ ರಿಜಿಸ್ಟರನ್ನು ತನ್ನತ್ತ ತಿರುಗಿಸಿಕೊಂಡು ಓದಿದ. ತಾನೇ ಬರೆದ ಸಾಲು ಓದಲು ಬಹಳ ಹೊತ್ತು ತೆಗೆದುಕೊಂಡ.

ಹೊರಗೆ ಯಲ್ಲೇಶ ಕಾವಲುಗಾರ ರಹಿಮಾನಸಾಬನನ್ನು ಮಾತಾಡಿಸುತ್ತಿದ್ದ. ಎಪ್ಪತ್ತರ ಮುದುಕ, ಅವತ್ತು ವಿಮಾನಕ್ಕೆ ಇಂಧನ ತುಂಬಿಸಿದ ಡ್ರಮ್ಮಿನ ಬಗ್ಗೆ ಮೊದಲೇ ಕೇಳಬೇಕಿತ್ತು ಎಂಬಂತೆ ಹೇಳಿದ. ಡ್ರಮ್ ಅಡ್ಡ ಮಲಗಿಸಿಡಬೇಕು, ಇಲ್ಲದಿದ್ದರೆ ಮುಚ್ಚಳದ ಸಂದಿಯಿಂದ ಮಳೆ ನೀರು ಒಳಗಿಳಿಯುತ್ತದೆ. ಅದನ್ನು ನಿಲ್ಲಿಸಿಟ್ಟಿದ್ದರು, ಎರಡು ಮಳೆ ಮೇಲೇ ಬಿದ್ದಿತ್ತು. ವಿಮಾನ ಬಿದ್ದ ಮರುದಿನ ಬೆಳಿಗ್ಗೆ ಏಳು ಗಂಟೆಗೆ ಮ್ಯಾನೇಜರ್ ಸಾಹೇಬರು ಅದನ್ನು ನೀರು ಹಾಕಿ ತೊಳೆಸಿ ಬೋರಲು ಹಾಕಿಸಿದರು.

"ಪೆಟ್ರೋಲ್ ಡ್ರಮ್ ಯಾರರ ನೀರಿನ್ಯಾಗ ತೊಳೀತಾರೇನಪಾ? ನಾ ಅಂದೆ. ಸುಮ್ನ ತೊಳಿ ಚಾಚಾ ಅಂದ್ರು. ತೊಳದೆ."

10.55ಕ್ಕೆ ಯುವರಾಜನ ಬಂಧನವಾಯಿತು. ನಿರ್ಲಕ್ಷ್ಯದಿಂದ ಸಾವು, ಸಾಕ್ಷ್ಯನಾಶ, ಸುಳ್ಳು ಆರೋಪ: ಬಿಎನ್‌ಎಸ್ ಕಲಂ 106(1), 238, 248. ಲಕ್ಕಪ್ಪನ ಬಿಡುಗಡೆ ಕೋರಿ ಅದೇ ಮಧ್ಯಾಹ್ನ ನ್ಯಾಯಾಲಯಕ್ಕೆ ವರದಿ ಹೋಯಿತು.

ಸಂಜೆ ಜೈಲಿನ ಗೇಟಿನ ಹೊರಗೆ ನೀಲಾ ಲಕ್ಕಪ್ಪನಿಗೆ ರೆಕಾರ್ಡರಿನ ಲೆಕ್ಕವನ್ನು ನಿಧಾನವಾಗಿ ಹೇಳಿದರು. ಲಕ್ಕಪ್ಪ ಎರಡು ಸಲ ಹೇಳಿಸಿಕೊಂಡ.

"ಹಂಗಾದ್ರ ಅಂವ ಕೆಳಗ ಇಳಿಯಾಕ ಜಾಗಾ ಹುಡಕಾಕತ್ತಿದ್ದೇನ್ರಿ? ನನ್ನ ಹೊಲದಾಗ?"

"ಹೌದು."

"ನಾ ಅವಂಗ ಪೈಪ್ ಹಚ್ಚಿದೆ," ಎಂದ ಲಕ್ಕಪ್ಪ. ಮೈಲವ್ವ ಅವನ ರಟ್ಟೆ ಹಿಡಿದು ಬಸ್ ಸ್ಟ್ಯಾಂಡಿನ ಕಡೆ ನಡೆಸಿಕೊಂಡು ಹೋದಳು.

ಯುವರಾಜನ ಹೇಳಿಕೆಯಲ್ಲಿ ಹೊಸದೆಂದರೆ ಒಂದೇ ಪ್ಯಾರಾ. ಅವನ ಊರು ಮೋಟೆಬೆನ್ನೂರು. ಇಡೀ ಜಿಲ್ಲೆಗೆ ಮಳೆ ಹಂಚುವವನು ಸ್ವಂತ ಊರಿಗೆ ಒಂದು ಹನಿ ತರಲಿಲ್ಲ ಎಂದು ಕಟ್ಟೆಯ ಮೇಲೆ ಕೂತವರು ಎರಡು ತಿಂಗಳು ನಗಾಡಿದ್ದರು. ಅವನ ಅಪ್ಪನೂ ಆ ನಗುವಿನಲ್ಲಿ ಸೇರಿದ್ದ. ಆ ಸಂಜೆ ಆಗ್ನೇಯದಿಂದ ಎದ್ದ ಮೋಡ ಮೊದಲ ಬಾರಿ ಮೋಟೆಬೆನ್ನೂರಿನ ದಿಕ್ಕಿಗೆ ಹೊರಟಿತ್ತು. ಹದಿನೈದು ನಿಮಿಷ ಕಾಯುವಷ್ಟರಲ್ಲಿ ಅದು ದಾಟಿ ಹೋದೀತೆಂದು ಪೈಲಟ್ ಜಾಕೀರ್‌ನನ್ನು ಅವಸರಪಡಿಸಿ ಕಳಿಸಿದ.

ದೋಷಾರೋಪ ಪಟ್ಟಿ ಬರೆಯುವ ದಿನ ನೀಲಾ ಮೋಟೆಬೆನ್ನೂರಿನ ಮಳೆ ಮಾಪನದ ದಾಖಲೆ ತರಿಸಿ ನೋಡಿದರು. ಸೆಪ್ಟೆಂಬರ್ 18ರಂದು ರಾತ್ರಿ ಏಳರಿಂದ ಎಂಟರ ನಡುವೆ ಹದಿನಾಲ್ಕು ಮಿಲಿಮೀಟರ್ ಮಳೆ ಬಿದ್ದಿತ್ತು. ಜಾಕೀರ್ ಬಿತ್ತನೆ ಶುರು ಮಾಡುವ ಮೊದಲೇ ಎಂಜಿನ್ ನಿಂತಿತ್ತು. ಪ್ರಕರಣಕ್ಕೆ ಆ ಅಂಕಿ ಬೇಕಿರಲಿಲ್ಲ. ನೀಲಾ ಅದನ್ನು ಪಟ್ಟಿಯಲ್ಲಿ ಸೇರಿಸಲಿಲ್ಲ.