ಹನ್ನೆರಡು ಇಂಚಿನ ಗಾಳಿ

"ಈ ಡಕ್ಟ್ ಹಾಕಿದ್ದು ಯಾರು? ನಕ್ಷೆ ಓದೋಕೆ ಬರಲ್ವಾ ನಿಮಗೆ?"

ಹೊಸ ಹೆರಿಗೆ ಆಸ್ಪತ್ರೆಯ ಶಿಶುಗಳ ಕೋಣೆಯಲ್ಲಿ ಎಂಜಿನಿಯರಮ್ಮನ ದನಿ ಮೊಳಗಿತು. ನೆಲದಲ್ಲಿ ಕೂತು ಎಸಿಯ ಗಾಳಿ ಕೊಳವೆಗೆ ತಗಡು ಕತ್ತರಿಸುತ್ತಿದ್ದ ಮೇಸ್ತ್ರಿ ನಿಧಾನವಾಗಿ ತಲೆಯೆತ್ತಿದ.

ನೋಡಲು ಚೆನ್ನಾಗಿದ್ದಾನೆ... ಅದೇ ಅವಳ ಸಿಟ್ಟಿಗೆ ಇನ್ನಷ್ಟು ತುಪ್ಪ ಸುರಿಯಿತು!

"ಬರುತ್ತೆ ಮೇಡಂ. ಹತ್ತಿಂಚು ಅಂತ ಬರೆದಿದ್ರಿ. ಸಾಲಲ್ಲ ಅಂತ ಹನ್ನೆರಡು ಹಾಕಿದೆ."

"ಸಾಲಲ್ಲ ಅನ್ನೋಕೆ ನೀವ್ಯಾರು? ಕೋಣೇಲಿ ಜನ ಎಷ್ಟು, ದೀಪ ಎಷ್ಟು, ಗೋಡೆಯಿಂದ ಬರೋ ಶಾಖ ಎಷ್ಟು, ಎಲ್ಲಾ ಕೂಡಿ ಲೆಕ್ಕ ಹಾಕಿದ್ದೀನಿ. ನಿಮಿಷಕ್ಕೆ ನಾನೂರು ಘನ ಅಡಿ ತಣ್ಣನೆ ಗಾಳಿ ಸಾಕು. ನೀವು ತಗಡು ಬಡೀರಿ!"

"ಪುಸ್ತಕದ ಬದನೆಕಾಯಿ ಹೊಟ್ಟೆ ತುಂಬಿಸಲ್ಲ ಮೇಡಂ. ಮಧ್ಯಾಹ್ನ ಮೂರಕ್ಕೆ ಬಂದು ಇಲ್ಲಿ ಒಂದು ಗಳಿಗೆ ನಿಲ್ಲಿ."

ನಿಲ್ಲಬೇಕಂತೆ! ಇವನ ಅಪ್ಪಣೆಗೆ!

ಅಂದೇ ಅವಳು ತಮ್ಮ ಕಂಪನಿಯ ಮಾಲೀಕರ ಕಿವಿಗೆ ಹಾಕಿದಳು. ಮರುದಿನ ಮೇಸ್ತ್ರಿಯನ್ನು ಕೆಲಸದಿಂದ ತೆಗೆದರು. ಬೇರೊಬ್ಬ ಬಂದು ಹತ್ತಿಂಚಿನ ಡಕ್ಟ್ ಕೂರಿಸಿದ.

ಹತ್ತು ದಿನದ ಮೇಲೆ ಪರೀಕ್ಷೆ. ಗಾಳಿ ಅಳೆಯುವ ಮೀಟರ್ ಹಿಡಿದರೆ ಸರಿಯಾಗಿ ನಾನೂರು! ಅವಳು ಬೀಗಿದಳು.

ಗಂಟೆ ಮೂರಾಯಿತು. ಪಶ್ಚಿಮದ ದೊಡ್ಡ ಗಾಜಿನ ಕಿಟಕಿಯಿಂದ ಬಿಸಿಲು ಸುರಿಯತೊಡಗಿತು. ನರ್ಸಮ್ಮ ಕತ್ತು ಒರೆಸಿಕೊಂಡು ಕೇಳಿದರು, "ಏನಮ್ಮಾ, ಈ ಬೇಗೇಲಿ ಎಳೆ ಕಂದಮ್ಮಗಳನ್ನ ಮಲಗಿಸೋದಾ?"

ಅವಳು ಲೆಕ್ಕದ ಹಾಳೆ ಬಿಚ್ಚಿದಳು. ಗಾಜು ಅದರಲ್ಲಿ ಇರಲೇ ಇಲ್ಲ! ಹಳೆಯ ನಕ್ಷೆಯಲ್ಲಿ ಅಲ್ಲಿ ಬರೀ ಗೋಡೆ... ಲೆಕ್ಕ ಹಾಕುವ ಮುನ್ನ ಅವಳು ಒಮ್ಮೆಯೂ ಬಂದು ನೋಡಿರಲಿಲ್ಲ. ಮತ್ತೆ ಲೆಕ್ಕ ಹಾಕಿದಳು. ಆರುನೂರು ಬೇಕು. ಅಷ್ಟು ಗಾಳಿಗೆ ಹನ್ನೆರಡು ಇಂಚು!

ಥೂ, ನನ್ನ ಡಿಗ್ರಿಗಿಷ್ಟು...!

ಸಂಜೆ ಆ ಹಳೆಯ ಮೇಸ್ತ್ರಿಯ ಶೆಡ್ಡಿನ ಬಾಗಿಲಲ್ಲಿ ನಿಂತಳು.

"ಏನ್ ಮೇಡಂ, ಇರುವೆ ಗೂಡಿಗೆ ಆನೆ ಬಂತು?" ತಗಡು ಕತ್ತರಿಸುತ್ತಿದ್ದ ಅವನು ಮುಖವೆತ್ತಲಿಲ್ಲ.

"ತಪ್ಪು ನಂದು. ಮಾಲೀಕರಿಗೂ ಹೇಳಿ ಬಂದೆ."

ಕತ್ತರಿ ನಿಂತಿತು. "ನಿಮ್ಮ ಕೆಲಸ ಹೋಗುತ್ತಲ್ರೀ!"

"ಹೋದ್ರೆ ಹೋಗ್ಲಿ. ಮಕ್ಕಳು ಬೇಯಬಾರದು... ಬಂದು ಹಾಕಿಕೊಡ್ತೀರಾ?"

ಅವನು ತಲೆ ತಗ್ಗಿಸಿದ. "ಅವತ್ತೇ ಗಾಜು ತೋರಿಸಿ ಹೇಳಬಹುದಿತ್ತು. ಸೊಕ್ಕಿನವಳು, ಬೆವರಿ ಕಲೀಲಿ ಅಂತ ಸುಮ್ಮನಾದೆ. ನಾನೂ ಸಾಚಾ ಅಲ್ಲ."

ಅವಳ ಕೆಲಸ ಉಳಿಯಿತು, ಮಾಲೀಕರ ಬೈಗುಳದೊಂದಿಗೆ. ಮೂರು ದಿನ ಇಬ್ಬರೂ ಜಗಳವಾಡುತ್ತಲೇ ದುಡಿದರು. ಕೊನೆಗೆ ಅವನು ಏಣಿ ಹತ್ತಿ ಡಕ್ಟಿನ ಬಾಯಿ ಬಿಗಿದ. ಅವಳು ಮೀಟರ್ ನೋಡಿದಳು.

"ಆರುನೂರು!"

ಏಣಿಯ ತುದಿಯಿಂದ ಮಾತು ಬಂತು. "ನಿಮ್ಮನ್ನ ದಿನಾ ಮನಸ್ಸಲ್ಲೇ ಬೈತಿದ್ದೆ. ಆಮೇಲೆ ಬೈಯೋದು ನಿಂತ್ಹೋಯ್ತು... ನೆನೆಯೋದು ಮಾತ್ರ ನಿಲ್ಲಲಿಲ್ಲ."

ಅವಳು ಏಣಿಯ ಬುಡಕ್ಕೆ ಬಂದಳು. "ಇಂಥ ಮಾತನ್ನ ಅಷ್ಟೆತ್ತರದಲ್ಲಿ ನಿಂತು ಹೇಳ್ತಾರಾ?"

"ಇಳಿದ್ರೆ ಧೈರ್ಯಾನೂ ಇಳಿದುಹೋಗುತ್ತೆ."

"ಇಳಿಯೋ ಪೆದ್ದು..." ಅವಳು ಕೈ ಚಾಚಿದಳು. "ನನ್ನ ಹತ್ರ ಇದೆ, ಇಬ್ಬರಿಗಾಗುವಷ್ಟು!"