ನ್ಯಾಮತಿ ಬಸ್‌ಸ್ಟ್ಯಾಂಡಿನ ತಪ್ಪು ಉತ್ತರ

"ಸಾರ್, ಒಂದ್ನಿಮಿಷ... ಈ ಬೋರ್ಡ್ ನೋಡಿದ್ರೆ ಎಲ್ಲಿಗೆ ಹೋಗ್ಬೇಕು ಅನ್ನಿಸ್ತೈತೆ?"

ಹೊನ್ನಾಳಿ ಬಸ್ಸಿನಿಂದ ಆಗಷ್ಟೇ ಇಳಿದಿದ್ದ ಯುವಕ, ಚೈತ್ರಶ್ರೀ ಹಿಡಿದಿದ್ದ ಹಳದಿ ರಟ್ಟನ್ನು ಗಂಭೀರವಾಗಿ ನೋಡಿದ. ಅದರ ಮೇಲೊಂದು ಮಂಚದ ಚಿತ್ರ, ಪಕ್ಕದಲ್ಲಿ ಮೇಲ್ಮುಖವಾದ ದಪ್ಪ ಬಾಣ. ನೇರ ಹೋದರೆ ಆಸ್ಪತ್ರೆ ಎಂದರ್ಥ. ಎಳೆ ಮಗುವಿಗೂ ಗೊತ್ತಾಗುವಂಥದ್ದು!

ಅವನು ಬಾಣ ನೋಡಿದ. ಆಮೇಲೆ ತಲೆಯೆತ್ತಿ ಬಸ್‌ಸ್ಟ್ಯಾಂಡಿನ ಸೂರು ನೋಡಿದ.

"ಮೇಲಕ್ಕೆ ಹೋಗ್ಬೇಕು," ಅಂದ. "ಆದ್ರೆ ಇಲ್ಲಿ ಮಾಳಿಗೆನೇ ಇಲ್ವಲ್ರೀ... ಮೆಟ್ಟಿಲು ಎಲ್ಲೈತೆ?"

ಸುತ್ತ ನಿಂತವರು ಗೊಳ್ಳೆಂದು ನಕ್ಕರು. ಚೈತ್ರಶ್ರೀಯ ಕಿವಿ ಕೆಂಪಾಯಿತು. ಹಲ್ಲು ಕಚ್ಚಿಕೊಂಡು ಎರಡನೆಯ ರಟ್ಟು ಎತ್ತಿದಳು. ಅದರಲ್ಲಿ ಒಂದು ಕಟ್ಟಡ, ಮೇಲೊಂದು ಬಾವುಟ.

"ಇದು?"

"ಸ್ಕೂಲು."

"ತಾಲೂಕು ಆಫೀಸು ರೀ ಅದು!"

"ಹೌದಾ?" ಅವನಿಗೆ ನಿಜಕ್ಕೂ ಆಶ್ಚರ್ಯವಾದಂತಿತ್ತು. "ನಾನು ಇಲ್ಲೇ ಹೈಸ್ಕೂಲಿನಾಗೆ ಗಣಿತದ ಮೇಷ್ಟ್ರು. ಕೆಂಚೇಶ್ ಅಂತ. ನನಗೆ ಬಾವುಟ ಕಂಡ್ರೆ ಸ್ಕೂಲೇ ನೆನಪಾಗೋದು."

ಮೇಷ್ಟ್ರಂತೆ! ಅವನಿಗಿಂತ ಮೊದಲು ಬಂದ ಗಾದ್ರಪ್ಪಜ್ಜ ಹೆಬ್ಬೆಟ್ಟಿನ ಮನುಷ್ಯ. ಅವನೇ ಎರಡನ್ನೂ ಪಟಪಟನೆ ಹೇಳಿ ಹೋಗಿದ್ದ. ಗಣಿತ ಕಲಿಸುವವನಿಗೆ ಒಂದು ಬಾಣ ತಿಳಿಯುವುದಿಲ್ಲವೇ?

'ಬೇಕಂತಲೇ ಗೇಲಿ ಮಾಡ್ತಾನೆ...' ಎಂದುಕೊಂಡಳು ಚೈತ್ರಶ್ರೀ. ಅನುಮಾನದ ಬೀಜ ಬಿದ್ದದ್ದು ಅಲ್ಲಿಯೇ.

ಅನುಮಾನವೇನೂ ಅವಳ ಹುಟ್ಟುಗುಣವಲ್ಲ. ಅದು ಹೋದ ವರ್ಷ ಬಂದದ್ದು, ಬಂದ ಮೇಲೆ ಬೀಗರ ಮನೆಗೆ ಬಂದ ನೆಂಟನಂತೆ ಏಳಲೇ ಇಲ್ಲ.

ಅವಳ ಊರು ಜಗಳೂರು ಕಡೆಯ ಬಿಳಿಚೋಡು. ಓದುತ್ತಿದ್ದದ್ದು ವಿಶ್ವವಿದ್ಯಾಲಯದಲ್ಲಿ ಕಮ್ಯುನಿಕೇಶನ್ ಡಿಸೈನ್. ಅಪ್ಪ ತಿಪ್ಪೇಶಪ್ಪ ಆ ಹೆಸರು ಹೇಳಲು ಹೋಗಿ ನಾಲಿಗೆ ತೊಡರಿ, ಕೇಳಿದವರಿಗೆಲ್ಲ "ಬೋರ್ಡು ಬರೆಯೋ ಓದು" ಎಂದುಬಿಡುತ್ತಿದ್ದರು. ಹೋದ ವರ್ಷ ಕೊನೆಯ ಪ್ರಾಜೆಕ್ಟಿಗೆ ಅವಳು ಬರೆದದ್ದನ್ನು ಊರಿನವರಿಗೆಲ್ಲ ತೋರಿಸಿದ್ದಳು. ಎಲ್ಲರೂ "ಭಾಳ ಚಂದ ಐತೆ ಬಿಡವ್ವ" ಎಂದಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು! ಪರೀಕ್ಷಕರ ಮುಂದೆ ಇಟ್ಟಾಗ ಒಂದೊಂದಾಗಿ ಕಳಚಿ ಬಿತ್ತು. ಫೇಲಾದಳು. ಅನುಮಾನ ಹತ್ತಿದ್ದು ಆಗಲೇ.

"ಇದೊಂದು ಸಲ ನೋಡು," ಎಂದಿದ್ದರು ಅಪ್ಪ. "ಈ ಸಲಾನೂ ಆಗ್ಲಿಲ್ಲ ಅಂದ್ರೆ ಓದು ಬಿಟ್ಟು ಊರಿಗೆ ಬಂದ್ಬಿಡು. ಮುಂದಿಂದು ನಾನು ನೋಡ್ಕೊಂತೀನಿ."

ಮುಂದಿನದು ಎಂದರೆ ಮದುವೆ. ಅದನ್ನು ಬಿಡಿಸಿ ಹೇಳಬೇಕಿರಲಿಲ್ಲ.

ಅದಕ್ಕೇ ಅವಳು ನ್ಯಾಮತಿಗೆ ಬಂದು ಬಸ್‌ಸ್ಟ್ಯಾಂಡಿನಲ್ಲಿ ಹೂವು ಮಾರುವ ದೊಡ್ಡಮ್ಮ ದುರುಗಕ್ಕನ ಮನೆಯಲ್ಲಿ ಉಳಿದಿದ್ದಳು. ನ್ಯಾಮತಿ ತಾಲೂಕು ಆದಮೇಲೆ ಸುತ್ತಲ ಹಳ್ಳಿಯವರು ದಿನವೂ ಬಂದಿಳಿದು, ಆಫೀಸು ಎಲ್ಲಿ, ಆಸ್ಪತ್ರೆ ಎಲ್ಲಿ ಎಂದು ಕಂಡಕಂಡವರನ್ನು ಕೇಳುತ್ತಿದ್ದರು. ಓದು ಬಾರದವರಿಗೂ ತಿಳಿಯುವಂಥ, ಅಕ್ಷರವೇ ಇಲ್ಲದ ಬೋರ್ಡುಗಳನ್ನು ಮಾಡುವುದು ಅವಳ ಪ್ರಾಜೆಕ್ಟು. ಚಿತ್ರ ತೋರಿಸಿ ಜನರನ್ನು ಕೇಳಬೇಕು. ಉತ್ತರ ಹೇಳಿಕೊಡಬಾರದು, ತಲೆಯಾಡಿಸಬಾರದು, ನಗಲೂಬಾರದು. ಪ್ರಾಜೆಕ್ಟಿನ ನಿಯಮವದು, ಮೇಷ್ಟ್ರ ಮುಂದೆ ಸಿಟ್ಟಿನಲ್ಲಿ ಒಮ್ಮೆ ಮುರಿದಿದ್ದರೂ.

ಉತ್ತರಗಳೇನೋ ಚೆನ್ನಾಗಿಯೇ ಬರುತ್ತಿದ್ದವು. ಹಣ್ಣು ಮಾರುವವರು, ಆಟೋದವರು, ಸಂತೆಗೆ ಬಂದ ಮುದುಕಿಯರು... ಎಲ್ಲರೂ ಸರಿ! ತಪ್ಪು ಹೇಳುತ್ತಿದ್ದವನು ಒಬ್ಬನೇ.

ಬಾಣದ ಬಣ್ಣ ಬದಲಿಸಿ ತೋರಿಸಿದಳು. "ಮೇಲಕ್ಕೆ," ಅಂದ ಕೆಂಚೇಶ್. ಬಾಣವನ್ನು ದೊಡ್ಡದು ಮಾಡಿದಳು. "ಇನ್ನೂ ಮೇಲಕ್ಕೆ," ಅಂದ.

"ನಿಮಗೆ ನನ್ನ ಮೇಲೆ ಏನು ಹಗೆ ಐತೆ ಹೇಳ್ರಿ!"

"ಹಗೆ ಯಾಕೆ? ನನಗೇನು ಅನ್ನಿಸ್ತೈತೆ ಅಂತ ಕೇಳಿದ್ರಿ, ಅದನ್ನೇ ಹೇಳಿದೆ. ಇನ್ನೇನು ಹೇಳ್ಲಿ ಹೇಳ್ರಿ, ಅದನ್ನೇ ಹೇಳ್ತೀನಿ."

"ನಾನು ಹೇಳಿಕೊಡೋ ಹಂಗಿಲ್ಲ!"

"ಹಂಗಾದ್ರೆ ನಾನೂ ಬೇರೆ ಹೇಳೋ ಹಂಗಿಲ್ಲ," ಎಂದು ಅವನು ನಕ್ಕ. ಆ ನಗುವಿನಲ್ಲಿ ಗೇಲಿ ಹುಡುಕಿದಳು. ಸಿಗಲಿಲ್ಲ. ಸಿಗದಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ತಮಾಷೆ ಏನು ಗೊತ್ತೇ? ಅವನು ಬರುವ ಹೊನ್ನಾಳಿ ಬಸ್ಸು ತಡವಾದ ದಿನ ಈ ಹುಡುಗಿಯ ಕಣ್ಣು ರಸ್ತೆಯ ಮೇಲೇ ಇರುತ್ತಿತ್ತು. 'ಪ್ರಾಜೆಕ್ಟಿಗೋಸ್ಕರ ಅಷ್ಟೇ...' ಎಂದು ತನಗೇ ಹೇಳಿಕೊಳ್ಳುತ್ತಿದ್ದಳು. ಗಾಳಿಗೆ ರಟ್ಟುಗಳು ಹಾರಿದಾಗ ಅವನು ಓಡಿಹೋಗಿ ಹೆಕ್ಕಿಕೊಂಡು ಬಂದು, ಅಂಗಿಯ ತೋಳಿನಿಂದ ಧೂಳು ಒರೆಸಿ ಕೊಟ್ಟಿದ್ದ. ಅದೂ ಪ್ರಾಜೆಕ್ಟಿಗೋಸ್ಕರವೇ ನೆನಪಿತ್ತೋ ಏನೋ!

ಒಂದು ದಿನ ಅವಳು ಟೀ ಕುಡಿದು ಬರುವಾಗ, ದೊಡ್ಡಮ್ಮನ ಹೂವಿನ ಬುಟ್ಟಿಯ ಹತ್ತಿರ ಕೆಂಚೇಶ್ ನಿಂತಿದ್ದ. ಇಬ್ಬರದೂ ಗುಸುಗುಸು. ದೊಡ್ಡಮ್ಮ ಕೈ ಮುಗಿಯುತ್ತಿದ್ದಳು, ಅವನು ತಲೆ ಅಡ್ಡಡ್ಡ ಆಡಿಸುತ್ತಿದ್ದ. ಚೈತ್ರಶ್ರೀ ಕಂಡದ್ದೇ ತಡ, ಇಬ್ಬರೂ ಬಾಯಿ ಮುಚ್ಚಿದರು.

"ಏನು ದೊಡ್ಡಮ್ಮ?"

"ಏನಿಲ್ಲವ್ವ... ಮೇಷ್ಟ್ರು ಹೂವಿನ ರೇಟು ಕೇಳ್ತಿದ್ರು."

ಹೂವಿನ ರೇಟಿಗೆ ಕೈ ಮುಗಿಯುವವರುಂಟೇ?

ಮರುದಿನ ಕೆಂಚೇಶ್ ಅವಳ ಹತ್ತಿರ ಬಂದು, ಎಂದೂ ಇಲ್ಲದಷ್ಟು ಮೆಲ್ಲಗೆ ಹೇಳಿದ. "ಚೈತ್ರಶ್ರೀ ಅವರೇ, ಈ ಭಾನುವಾರ ಚನ್ನಗಿರಿಗೆ ಹೋಗಿ ಕೇಳಿ ನೋಡ್ರಿ. ಅಲ್ಲಿ ನೀವು ಯಾರ ಮನೆ ಹುಡುಗಿ ಅಂತ ಯಾರಿಗೂ ಗೊತ್ತಿಲ್ಲ."

'ಇವನಿಗೇಕೆ ಇಷ್ಟು ಕಾಳಜಿ?' ಎಂದುಕೊಂಡರೂ ಭಾನುವಾರ ಹೋದಳು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರಲ್ಲ!

ಚನ್ನಗಿರಿ ಬಸ್‌ಸ್ಟ್ಯಾಂಡಿನಲ್ಲಿ ಮೊದಲು ಸಿಕ್ಕಿದ್ದು ತ್ಯಾವಣಿಗೆ ಬಸ್ಸಿಗೆ ಕಾಯುತ್ತಿದ್ದ ಒಬ್ಬ ಹೆಂಗಸು. ಮಂಚ, ಬಾಣ ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಲಾಡ್ಜು ಅಲ್ವೇನವ್ವ? ಮೇಲೆ ರೂಮ್ ಸಿಗ್ತಾವೆ ಅಂತ..."

ಎರಡನೆಯವನೂ "ಲಾಡ್ಜು" ಅಂದ. ಮೂರನೆಯವನು ಯಾವ ಲಾಡ್ಜು, ಬಾಡಿಗೆ ಎಷ್ಟು ಎಂದೂ ಕೇಳಿದ! ಬಾವುಟದ ಕಟ್ಟಡ ಒಬ್ಬರಿಗೆ ಸ್ಕೂಲು, ಇನ್ನೊಬ್ಬರಿಗೆ ಪೊಲೀಸ್ ಸ್ಟೇಷನ್ನು. ಬಿಸಿಲು ಏರುವ ಹೊತ್ತಿಗೆ ಚೈತ್ರಶ್ರೀಯ ಕಣ್ಣು ತುಂಬಿ ಬಂದಿತ್ತು. ನ್ಯಾಮತಿಯಲ್ಲಿ ಎಲ್ಲರೂ ಸರಿ, ಇಲ್ಲಿ ಎಲ್ಲರೂ ತಪ್ಪು. ಒಂದೇ ಚಿತ್ರ... ಹೇಗೆ ಸಾಧ್ಯ?

ಕಣ್ಣು ಒರೆಸಿಕೊಂಡು ತಲೆಯೆತ್ತಿದಳು. ಆಚೆ ಬೆಂಚಿನ ಮೇಲೆ ಕೆಂಚೇಶ್ ಕೂತಿದ್ದ!

ಎಲ್ಲವೂ ಒಂದೇ ಕ್ಷಣದಲ್ಲಿ ಕೂಡಿಕೊಂಡಿತು. ಇಲ್ಲಿಗೆ ಕಳಿಸಿದವನು ಇವನು. ಇಲ್ಲಿ ಬಂದು ಕಾದು ಕೂತವನೂ ಇವನೇ.

"ನೀವೇ ಅಲ್ವಾ?" ಹೋಗಿ ಎದುರು ನಿಂತಳು. "ಇವರಿಗೆಲ್ಲ ತಪ್ಪು ಹೇಳ್ರಿ ಅಂತ ಹೇಳಿಕೊಟ್ಟೋರು ನೀವೇ ಅಲ್ವಾ?"

ಕೆಂಚೇಶನ ಮುಖ ಬಿಳಿಚಿತು. "ನಾನು ಯಾರಿಗೂ ಏನೂ ಹೇಳಿಕೊಟ್ಟಿಲ್ಲ ರೀ."

"ಹಂಗಾದ್ರೆ ದೊಡ್ಡಮ್ಮನ ಹತ್ರ ಏನು ಗುಸುಗುಸು?"

"ಅದನ್ನ ಅವರನ್ನೇ ಕೇಳ್ರಿ. ನಾನು ಮಾತು ಕೊಟ್ಟೀನಿ."

"ಕಳ್ಳರು ಹಿಂಗೇ ಹೇಳೋದು! ನನ್ನ ಓದು ಹಾಳಾದ್ರೆ ನಿಮಗೇನು ಸಿಗ್ತೈತೆ? ಇನ್ನೊಂದು ಸಲ ನನ್ನ ಕಣ್ಣಿಗೆ ಬೀಳಬ್ಯಾಡ್ರಿ!"

ಬಸ್ಸಿಗೆ ನಿಂತವರೆಲ್ಲ ತಿರುಗಿ ನೋಡಿದರು. ಅವನು ಎದ್ದು, ಬೈಕ್ ಹತ್ತಿ ಹೋದ.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಆದರೆ ಕಾಮಾಲೆ ಇರುವವರಿಗೆ ಅದನ್ನು ಹೇಳುವವರು ಯಾರು?

ಸೋಮವಾರ ಹೊನ್ನಾಳಿ ಬಸ್ಸು ಬಂತು. ಅವನು ಇಳಿಯಲಿಲ್ಲ. ಮಂಗಳವಾರವೂ ಇಲ್ಲ. ಬೈಕಿನಲ್ಲಿ ಬೇರೆ ದಾರಿ ಹಿಡಿದು ಸ್ಕೂಲಿಗೆ ಹೋಗುತ್ತಾನೆಂದು ಆಟೋದವರು ಹೇಳಿದರು. ತಾನೇ ಹೇಳಿದ್ದಲ್ಲವೇ, ಕಣ್ಣಿಗೆ ಬೀಳಬೇಡಿ ಎಂದು? ಮತ್ತೇಕೆ ಪ್ರತಿ ಬಸ್ಸಿನ ಬಾಗಿಲನ್ನೂ ನೋಡುತ್ತಿದ್ದಳು...

ನಿದ್ದೆ ಹತ್ತದೆ ಒಂದು ದಿನ ಅವಳು ಎಂದಿಗಿಂತ ಮುಂಚೆ ಬಸ್‌ಸ್ಟ್ಯಾಂಡಿಗೆ ಬಂದಳು. ಕಂಬದ ಆಚೆ ದೊಡ್ಡಮ್ಮನ ಧ್ವನಿ ಕೇಳಿಸಿತು. ಹೂವು ಕಟ್ಟುತ್ತ, ಸುತ್ತ ಕೂತ ಹಳ್ಳಿಯವರಿಗೆ ಪಾಠ ನಡೆಸಿದ್ದಳು!

"ಬಾವುಟ ಕಂಡ್ರೆ ಏನಂತೀಯ?"

"ಸ್ಕೂಲು."

"ಥೂ ನಿನ್ನ! ತಾಲೂಕು ಆಫೀಸು ಅನ್ನಬೇಕು. ಮಂಚ ಕಂಡ್ರೆ ಆಸ್ಪತ್ರೆ. ಬಾಣ ಕಂಡ್ರೆ ಸೀದಾ ಹೋಗು ಅಂತ. ನಮ್ಮ ಹುಡುಗಿ ಪರೀಕ್ಷೆ ಐತೆ ಕಣಪ್ಪ. ನೀವು ತಪ್ಪು ಹೇಳಿದ್ರೆ ಅದು ಫೇಲಾಗ್ತೈತೆ. ಗಾದ್ರಪ್ಪಣ್ಣ ಹೆಂಗೆ ಹೇಳ್ದ ನೋಡಿದ್ರಲ್ಲ!"

ಚೈತ್ರಶ್ರೀಯ ಕೈಯಿಂದ ರಟ್ಟುಗಳು ಜಾರಿ ಬಿದ್ದವು.

ದುರುಗಕ್ಕ ತಿರುಗಿ ನೋಡಿದಳು. ಸಿಕ್ಕಿಬಿದ್ದವಳ ಮುಖ ಮೊದಲು ಬಾಡಿತು, ಆಮೇಲೆ ಅಳು ಬಂತು.

"ಹೋದ ಸಲ ಫೇಲಾಗಿ ಬಂದು ಉಣ್ಣದೆ ಮಲಗಿದ್ಯಲ್ಲವ್ವ... ನಿಮ್ಮವ್ವ ಫೋನಿನಾಗೆ ಅತ್ತಿದ್ದು ನನ್ನ ಕಿವಿಯಾಗೆ ಇನ್ನೂ ಐತೆ. ನನಗೇನು ಓದು ಬರ್ತೈತಾ? ನನ್ನ ಕೈಲಾಗಿದ್ದು ಇದೊಂದೇ."

ಚೈತ್ರಶ್ರೀ ಬಗ್ಗಿ ರಟ್ಟುಗಳನ್ನು ಹೆಕ್ಕಿಕೊಂಡಳು. "ಮತ್ತೆ... ಮೇಷ್ಟ್ರು?"

"ಅವರೊಬ್ರೇ ನಾನು ಹೇಳಿದ್ದು ಕೇಳಲಿಲ್ಲ ನೋಡು! ಕೈ ಮುಗಿದೆ. 'ಅಕ್ಕಾ, ನಾನು ತಪ್ಪು ಹೇಳಿದ್ರೆ ಅವರು ಇವತ್ತೊಂದು ದಿನ ಅಳ್ತಾರೆ. ನೀವೆಲ್ಲ ಸರಿ ಸರಿ ಅಂದ್ರೆ ನಾಳೆ ಆ ಬೋರ್ಡು ನಂಬಿದೋರು ದಾರಿ ತಪ್ತಾರೆ' ಅಂದ್ರು. ನಿನಗೆ ಹೇಳಬ್ಯಾಡ್ರಿ, ನಾನೇ ಹೇಳ್ತೀನಿ ಅಂತ ಆಣೆ ಹಾಕಿಸ್ಕೊಂಡಿದ್ದೆ. ಹೇಳಾಕೆ ಧೈರ್ಯ ಬರಲಿಲ್ಲವ್ವ..."

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಒದ್ದವಳು ತಾನೇ! ಊರಿಗೆ ಊರೇ ಪ್ರೀತಿಯಿಂದ ಸುಳ್ಳು ಹೇಳುವಾಗ, ನಿಜ ಹೇಳಿದ ಒಬ್ಬನನ್ನು ನಡುಬೀದಿಯಲ್ಲಿ ಕಳ್ಳ ಅಂದಿದ್ದಳು. ಹೂವಿನ ಬುಟ್ಟಿಯ ಪಕ್ಕದಲ್ಲೇ ಕುಕ್ಕರಿಸಿ ಕೂತು ಬಿಕ್ಕಿಬಿಕ್ಕಿ ಅತ್ತಳು.

ಅತ್ತು ಮುಗಿದ ಮೇಲೆ ಜಗಳೂರಿನ ಬಸ್ಸು ಹತ್ತಿದಳು. ಪರೀಕ್ಷಕರ ಮುಂದೆ ನಿಲ್ಲಲು ಉಳಿದಿದ್ದದ್ದು ಒಂದು ವಾರವಷ್ಟೇ. ಈ ಸಲ ಒಂದು ಉಪಾಯ ಮಾಡಿದಳು. ಚಿತ್ರ ತಾನು ಬರೆದದ್ದೆಂದು ಹೇಳಲೇ ಇಲ್ಲ. "ಬೆಂಗಳೂರಿನವರ್ಯಾರೋ ಬರೆದು ಕಳ್ಸ್ಯಾರೆ, ಹೆಂಗೈತೆ ನೋಡ್ರಿ," ಅಂದಳು.

ಆಗ ನೋಡಬೇಕಿತ್ತು ಜಗಳೂರು ಬಸ್‌ಸ್ಟ್ಯಾಂಡಿನ ಜನರ ಬಾಯಿ!

"ಮಂಚ ಹಾಕ್ಯಾನಲ್ಲ, ಅವನಿಗೆ ನಿದ್ದೆ ಬಂದಿತ್ತೇನೋ! ಆಸ್ಪತ್ರೆ ಅಂದ್ರೆ ಸೂಜಿ ಹಾಕ್ಲಿ," ಅಂದಳು ಕುರಿ ಮಾರಲು ಬಂದಿದ್ದ ಅಜ್ಜಿ. "ಆಫೀಸು ಅಂದ್ರೆ ಕಿಟಕಿ ಮುಂದೆ ಪಾಳಿ ನಿಂತಿರೋದು ಕಣವ್ವ, ಬಾವುಟ ಅಲ್ಲ," ಅಂದ ಇನ್ನೊಬ್ಬ. ಬೈಸಿಕೊಳ್ಳುತ್ತಲೇ ಬರೆದಳು, ಅಳಿಸಿದಳು, ಮತ್ತೆ ಬರೆದಳು. ಬಾಣ ಹೋಗಿ ನಡೆಯುವ ಮನುಷ್ಯ ಬಂದ. ಕೊನೆಗೊಂದು ದಿನ, ಯಾರೂ ಹೇಳಿಕೊಡದೆ, ಪರಿಚಯವೇ ಇಲ್ಲದ ಒಬ್ಬ ಮುದುಕ ಚಿತ್ರ ನೋಡಿ "ಸೀದಾ ಹೋದ್ರೆ ಆಸ್ಪತ್ರೆ" ಅಂದ. ಅವಳಿಗೆ ಅವನ ಕಾಲಿಗೆ ಬೀಳಬೇಕೆನ್ನಿಸಿತು.

ಪರೀಕ್ಷಕರು ಕೇಳಿದರು. "ನ್ಯಾಮತಿಯಲ್ಲಿ ಎಲ್ಲರೂ ಸರಿ ಹೇಳಿದ್ದಾರಲ್ಲ, ಆ ಉತ್ತರಗಳನ್ನೇಕೆ ಬಿಟ್ಟೆ?"

ಮುಚ್ಚಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಅವರು ಬೋರ್ಡ್ ನೋಡಿ ಹೇಳಲಿಲ್ಲ ಮೇಡಂ. ನನ್ನ ಮುಖ ನೋಡಿ ಹೇಳಿದ್ರು. ನಿಜ ಹೇಳಿದವರು ಒಬ್ಬರೇ... ಅವರನ್ನ ನಾನು ನಂಬಲಿಲ್ಲ."

ಆ ದಿನ ಅವಳು ಪಾಸಾದಳು. ಅಪ್ಪನಿಗೆ ಫೋನ್ ಮಾಡಿದಾಗ "ಆತು ಬಿಡು, ಇನ್ನು ನಿನ್ನ ದಾರಿ ನೀನೇ ನೋಡ್ಕೊ," ಎಂದರು. ಅದು ಬೈಗುಳವಲ್ಲ, ಬಿಡುಗಡೆ.

ಸಂಜೆಯಾಗುವ ಹೊತ್ತಿಗೆ ಅವಳು ಹೊನ್ನಾಳಿಯಲ್ಲಿದ್ದಳು. ವಿಚಾರಿಸಿಕೊಂಡು ಹೋಗಿ, ಅವನ ಮನೆಯ ಬೀದಿಯ ತಿರುವಿನಲ್ಲಿ ನಿಂತಳು. 'ನೋಡಿಯೂ ನೋಡದಂತೆ ಹೋಗಿಬಿಟ್ಟರೆ?'

ಬೈಕ್ ಬಂತು. ಅವಳನ್ನು ಕಂಡು ನಿಂತಿತು.

"ಕಣ್ಣಿಗೆ ಬೀಳಬ್ಯಾಡ್ರಿ ಅಂದಿದ್ರಿ..." ಕೆಂಚೇಶ್ ಮೆಲ್ಲಗೆ ಅಂದ.

"ಅದಕ್ಕೇ ನಾನೇ ಬಂದು ಬಿದ್ದೆ." ಚೈತ್ರಶ್ರೀ ಕೈ ಜೋಡಿಸಿದಳು. "ದೊಡ್ಡಮ್ಮ ಎಲ್ಲಾ ಹೇಳಿದ್ಲು. ತಪ್ಪಾತು ಮೇಷ್ಟ್ರೇ... ಅಷ್ಟು ಜನದ ಮುಂದೆ... ಕ್ಷಮಿಸ್ರಿ."

"ಪಾಸಾದ್ರಾ?"

"ಹ್ಞೂಂ."

ಅವನ ಮುಖವೆಲ್ಲ ಅರಳಿತು. ತನ್ನ ಅವಮಾನ ಮರೆತು ಮೊದಲು ಅದನ್ನು ಕೇಳಿದನಲ್ಲ! ಚೈತ್ರಶ್ರೀಗೆ ಅಳುವೂ ನಗುವೂ ಒಟ್ಟಿಗೇ ಬಂದವು.

"ಒಂದು ಕೇಳ್ತೀನಿ. ಆ ಭಾನುವಾರ ಚನ್ನಗಿರಿಗೆ ಯಾಕೆ ಬಂದಿದ್ರಿ?"

"ಅಲ್ಲಿ ಎಲ್ಲಾ ತಪ್ಪು ಉತ್ತರಾನೇ ಬರ್ತಾವೆ ಅಂತ ಗೊತ್ತಿತ್ತು." ಅವನು ನೆಲ ನೋಡುತ್ತ ಅಂದ. "ಅವು ಬಂದಾಗ ನೀವು ಒಬ್ರೇ ಇರಬಾರದು ಅನ್ನಿಸ್ತು. ಯಾಕೆ ಅಂತ ಕೇಳಬ್ಯಾಡ್ರಿ... ಕೇಳಿದ್ರೆ ಇದ್ದಿದ್ದೇ ಹೇಳ್ಬೇಕಾಗ್ತೈತೆ."

"ಯಾಕೆ?" ಕೇಳಿಯೇಬಿಟ್ಟಳು.

"ನೀವಂದ್ರೆ ನನಗೆ ಇಷ್ಟ. ಮೊದಲನೇ ದಿನದಿಂದ."

ಬೀದಿಯಲ್ಲಿ ಯಾರೋ ಹಾದು ಹೋದರು. ಅವಳಿಗೆ ಯಾರೂ ಕಾಣಲಿಲ್ಲ.

"ನಾನು ಅನುಮಾನದವಳು ರೀ," ಅಂದಳು ಕಣ್ಣು ತುಂಬಿಕೊಂಡು. "ನಾಳೆ ಮತ್ತೆ ನಿಮ್ಮ ಮೇಲೆ ಅನುಮಾನ ಪಡ್ತೀನಿ. ನಿಮಗೆ ಬೇಜಾರಾಗಲ್ವಾ?"

ಬೇರೆ ಯಾರಾದರೂ ಆಗಿದ್ದರೆ 'ಛೆ ಛೆ, ಇಲ್ಲ' ಎನ್ನುತ್ತಿದ್ದರು. ಕೆಂಚೇಶ್ ಹಾಗನ್ನಲಿಲ್ಲ.

"ಆಗ್ತೈತೆ," ಅಂದ. "ಆವತ್ತು ಭಾಳ ನೋವಾತು."

"ಆದ್ರೂ...?"

"ಆದ್ರೂ ನೀವೇ ಬೇಕು."

ಚೈತ್ರಶ್ರೀ ಅವನ ಮುಖವನ್ನೇ ನೋಡಿದಳು. ಇನ್ನೊಂದು ಪ್ರಶ್ನೆ ನಾಲಿಗೆಯ ತುದಿಯವರೆಗೂ ಬಂದಿತ್ತು. ಅದನ್ನು ಅಲ್ಲೇ ನುಂಗಿಕೊಂಡು, ಅವನ ಕೈ ಹಿಡಿದಳು.

"ಮತ್ತೇನೂ ಕೇಳಲ್ವಾ?" ಅಂದ ಅವನು.

"ಊಹೂಂ," ಅಂದಳು. "ನಂಬ್ತೀನಿ."