ಎರಡನೇ ಅಧ್ಯಕ್ಷರ ಗೊಂಬೆ

"ಬುಧವಾರದೊಳಗೆ ನನ್ನ ನೋಟ್‌ಬುಕ್ ಸಿಗದಿದ್ರೆ ನಾಲ್ಕು ವರ್ಷದ ಕೆಲಸ ನೀರಲ್ಲಿ ಹೋಮ, ಆಂಟಿ," ಎಂದಳು ತ್ರಿಪುರಸುಂದರಿ. ಸೋಮವಾರ ಬೆಳಿಗ್ಗೆ ಅವಳು ಬಂದದ್ದು ಗುರುಸಿದ್ದಮ್ಮನವರ ಮನೆಗೆ. ಧಾರವಾಡದಲ್ಲಿ ಮೂವತ್ತು ವರ್ಷ ಹೆಡ್‌ಮಿಸ್ಟ್ರೆಸ್ ಆಗಿದ್ದ ಈ ಹೆಂಗಸು ಈಗ ಅಮೆರಿಕದ ನ್ಯೂಜೆರ್ಸಿಯ ಪಾರ್ಸಿಪನಿ ಊರಿನ ಕನ್ನಡಿಗರ ಪತ್ತೇದಾರಿಣಿ. ಪಕ್ಕದ ಮನೆಯ ರಾಜಶೇಖರನಾದ ನಾನು ಅವರ ಸಂಬಳವಿಲ್ಲದ ಸಾರಥಿ.

ತ್ರಿಪುರಸುಂದರಿ ಹತ್ತಿರದ ಪಿಸ್ಕಾಟವೇಯ ಯೂನಿವರ್ಸಿಟಿಯಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ಅಮೆರಿಕದ ಮೊದಲ ಸರ್ಕಾರವನ್ನು ಕಟ್ಟಿದ ಬಗೆ ಅವಳ ವಿಷಯ. ಹಳೆಯ ಪತ್ರಗಳ ಸಂಗ್ರಹದಲ್ಲಿ ಫೋಟೊ ತೆಗೆಯಲು ಬಿಡದ ಕಾರಣ ಎಲ್ಲವನ್ನೂ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದಳು. ಬುಧವಾರ ಪರೀಕ್ಷಕರ ಮುಂದೆ ಪ್ರಬಂಧ ಮಂಡಿಸಬೇಕಿತ್ತು.

ಭಾನುವಾರ ಶೈಲಮ್ಮನವರ ಮನೆಯ ಗೊಂಬೆ ಹಬ್ಬಕ್ಕೆ ಹೋದವಳು ಬ್ಯಾಗನ್ನು ಬಾಗಿಲ ಬಳಿ ಇಟ್ಟು ಬೇಸ್‌ಮೆಂಟಿಗೆ ಊಟಕ್ಕೆ ಇಳಿದಿದ್ದಳು. ಮೇಲೆ ಬಂದಾಗ ಅದರಲ್ಲಿ ನೋಟ್‌ಬುಕ್ ಇರಲಿಲ್ಲ. ಆಗಲೇ ಎಲ್ಲರ ಚೀಲ, ಕಾರು, ಕೋಣೆ ಜಾಲಾಡಿದರೂ ಸಿಗಲಿಲ್ಲ. ಶೈಲಮ್ಮನವರನ್ನು ಬಿಟ್ಟರೆ ಅಲ್ಲಿದ್ದವರು ಇಬ್ಬರೇ. ಒಬ್ಬಳು ತಿಂಗಳಿಂದ ಮಾತು ಬಿಟ್ಟಿದ್ದ ರೂಂಮೇಟ್ ಶರ್ವಾಣಿ, ಕೆಮಿಸ್ಟ್ರಿ ಓದುವವಳು. ಇನ್ನೊಬ್ಬರು ಅಮೆರಿಕದ ಇತಿಹಾಸದ ಮೇಲೆ ದಪ್ಪ ಪುಸ್ತಕ ಬರೆದ ಬದರೀನಾಥರು. ಹೋದ ವರ್ಷ ಕನ್ನಡ ಸಂಘದ ಸಭೆಯಲ್ಲಿ ತ್ರಿಪುರಸುಂದರಿ ಆ ಪುಸ್ತಕದ ಒಂದು ತಪ್ಪನ್ನು ಎತ್ತಿ ಹೇಳಿದ್ದಳು. ಇಬ್ಬರೂ ಊಟದ ನಡುವೆ ಒಮ್ಮೊಮ್ಮೆ ಮೇಲೆ ಹೋಗಿದ್ದರು. ಕದ್ದವಳು ಶರ್ವಾಣಿಯೇ ಎಂದು ಶೈಲಮ್ಮನವರ ಮನೆಗೆ ಹೋಗುವಾಗ ನಾನು ಕಾರಿನಲ್ಲಿ ತೀರ್ಪು ಕೊಟ್ಟೆ. ಗುರುಸಿದ್ದಮ್ಮ ಕಿಟಕಿಯಾಚೆ ನೋಡುತ್ತಿದ್ದರು.

ಶೈಲಮ್ಮನವರು ಈ ಸಲ ಚನ್ನಪಟ್ಟಣದಿಂದ ಅಮೆರಿಕದ ಹಿರಿಯರ ಗೊಂಬೆಗಳನ್ನು ಮಾಡಿಸಿ, ಪಾದದ ಬಳಿ ಹೆಸರು ಬರೆಸಿದ್ದರು. ನಾವು ಹೋದಾಗ ಮೇಲಿನ ಮೆಟ್ಟಿಲಲ್ಲಿ ವಾಷಿಂಗ್ಟನ್, ಆಡಮ್ಸ್, ಜೆಫರ್ಸನ್. ಹ್ಯಾಮಿಲ್ಟನ್ ಕೆಳಗೆ ಶೆಟ್ಟಿ-ಶೆಟ್ಟಮ್ಮನ ಪಕ್ಕ. ಗುರುಸಿದ್ದಮ್ಮ ಶರ್ವಾಣಿಯಿಂದ ಭಾನುವಾರ ಊಟಕ್ಕೆ ಮುಂಚೆ ತೆಗೆದ ಫೋಟೊ ತರಿಸಿಕೊಂಡರು. ಅದರಲ್ಲಿ ವಾಷಿಂಗ್ಟನ್ ಪಕ್ಕದಲ್ಲೇ ಹ್ಯಾಮಿಲ್ಟನ್ ನಿಂತಿದ್ದ, ಆಡಮ್ಸ್ ಕೆಳಗಿದ್ದ.

ಮಂಗಳವಾರ ಸಂಜೆ ಎಲ್ಲರನ್ನೂ ಅಲ್ಲಿಗೇ ಕರೆಸಿದರು. ಅವರು ಬರುವ ಮುಂಚೆ ಆಡಮ್ಸ್‌ನನ್ನು ಇಳಿಸಿ, ಹ್ಯಾಮಿಲ್ಟನ್‌ನನ್ನು ಮತ್ತೆ ಎರಡನೇ ಜಾಗಕ್ಕೆ ಏರಿಸಿ, ಏನೂ ಆಗದವರ ಹಾಗೆ ಚರಪು ಹಂಚಿದರು. ಶರ್ವಾಣಿ ಗೊಂಬೆಗಳನ್ನು ನೋಡಿ ಕಡಲೆ ಉಸಲಿ ತಿಂದಳು. ಬದರೀನಾಥರು ಎರಡು ಸಲ ನೋಡಿದರು, ಮೂರನೇ ಸಲ ತಡೆಯಲಾಗಲಿಲ್ಲ.

"ಹ್ಯಾಮಿಲ್ಟನ್ ಖಜಾನೆ ಮಂತ್ರಿ, ಅಧ್ಯಕ್ಷನೇ ಆಗಿರಲಿಲ್ಲ. ಎರಡನೆಯವರು ಆಡಮ್ಸ್," ಎಂದರು.

"ಹೌದ್ರಿ. ಭಾನುವಾರನೂ ನೀವ ತಿದ್ದೀರಿ," ಎಂದರು ಗುರುಸಿದ್ದಮ್ಮ.

ಆಮೇಲೆ ಬಿಡಿಸಿ ಹೇಳಿದರು. ಡಾಲರ್ ನೋಟಿನ ಮೇಲೆ ಮುಖವಿದ್ದವರೆಲ್ಲ ಅಧ್ಯಕ್ಷರೇ ಎಂದುಕೊಂಡು ಶೈಲಮ್ಮ ಹ್ಯಾಮಿಲ್ಟನ್‌ನನ್ನು ಮೇಲಿಟ್ಟಿದ್ದರು. ಇಟ್ಟ ಮೇಲೆ ವಿಜಯದಶಮಿಗೆ ಮಲಗಿಸುವವರೆಗೆ ಅವರು ಗೊಂಬೆ ಕದಲಿಸುವವರಲ್ಲ. ಅಂದರೆ ಬೇರೆ ಯಾರೋ ಗೊಂಬೆ ಇಳಿಸಿ, ಮೆಟ್ಟಿಲ ಬಟ್ಟೆ ಎತ್ತಿ, ಆತುರದಲ್ಲಿ ಮತ್ತೆ ಜೋಡಿಸಿದ್ದರು. ತಪ್ಪನ್ನು ತಪ್ಪಾಗಿಯೇ ಇಡಲು ಅವರ ಕೈ ಒಪ್ಪಿರಲಿಲ್ಲ. ಆ ತಪ್ಪು ಶರ್ವಾಣಿಯ ಕಣ್ಣಿಗೇ ಬೀಳಲಿಲ್ಲ. ತ್ರಿಪುರಸುಂದರಿ ಕಂಡಿದ್ದರೂ ಶೈಲಮ್ಮನವರ ಮನಸ್ಸು ನೋಯಬಾರದೆಂದು ಸುಮ್ಮನಿದ್ದಳು. ಗುರುವಾರ ಗೊಂಬೆ ಇಳಿಸಲು ಬರುತ್ತೇನೆಂದು ಒಪ್ಪಿಕೊಂಡಿದ್ದವರು ಬದರೀನಾಥರು ಮಾತ್ರ. ಆಗ ನೋಟ್‌ಬುಕ್ಕನ್ನು ಗುಟ್ಟಾಗಿ ತೆಗೆದುಕೊಳ್ಳಬಹುದಿತ್ತು, ಅಷ್ಟರಲ್ಲಿ ಬುಧವಾರವೂ ಕಳೆದಿರುತ್ತಿತ್ತು.

ನಾನು ಬಟ್ಟೆ ಎತ್ತಿ, ಮೆಟ್ಟಿಲಾಗಿ ಪೇರಿಸಿದ್ದ ಪೆಟ್ಟಿಗೆಗಳ ನಡುವೆ ಕೈ ಹಾಕಿದೆ. ನೋಟ್‌ಬುಕ್ ಸಿಕ್ಕಿತು. ತ್ರಿಪುರಸುಂದರಿಯ ಕೈಗಿಟ್ಟೆ.

"ಇಡೀ ಸಭೆ ನನ್ನ ನೋಡಿ ನಕ್ಕಿತ್ತು," ಎಂದರು ಬದರೀನಾಥರು. "ಒಂದು ವರ್ಷ ನಿದ್ದೆ ಮಾಡಿಲ್ಲ. ಇವಳೂ ಒಂದು ಸಲ ಬರಿಗೈಲಿ ಎಲ್ಲರ ಮುಂದೆ ನಿಲ್ಲಲಿ ಅಂತ ಮಾಡಿದೆ."

ಪೊಲೀಸರಿಗೆ ಹೇಳೋಣವೇ ಎಂದು ಶೈಲಮ್ಮ ಕೇಳಿದರು. ತ್ರಿಪುರಸುಂದರಿ ಬೇಡವೆಂದು ಪುಟ ತಿರುವಿದಳು.

"ಅವತ್ತು ಒಂದೇ ತಪ್ಪು ಹೇಳಿದ್ದೆ, ಅಂಕಲ್. ನಿಮ್ಮ ಪುಸ್ತಕದ ತಪ್ಪು ಇದರಲ್ಲಿ ಇನ್ನೂ ಹನ್ನೊಂದಿವೆ. ಹಿರಿಯರು ಅಂತ ಪ್ರಬಂಧದಿಂದ ಬಿಟ್ಟಿದ್ದೆ. ನಾಳೆ ಓದ್ತೀನಿ, ಬನ್ನಿ. ಮುಂದಿನ ಸಾಲಲ್ಲಿ ಸೀಟ್ ಇಟ್ಟಿರ್ತೀನಿ."

ಬುಧವಾರ ಆ ಸೀಟು ಖಾಲಿ ಇತ್ತು. ಅವಳು ಹನ್ನೊಂದನ್ನೂ ಓದಿದಳು, ಒಂದೊಂದಕ್ಕೂ ಪುಸ್ತಕದ ಹೆಸರು, ಪುಟದ ಸಂಖ್ಯೆ ಹೇಳಿ, ಪರೀಕ್ಷಕರು ಬರೆದುಕೊಳ್ಳುವವರೆಗೆ ಕಾದು.